ಹಳೇ ಲ್ಯಾಪ್‌ಟಾಪಿಗೆ ಎಷ್ಟು ಸುರಿಯಬಹುದು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್‌ಗಳು ನಿಂತವು. ವಿಂಡೋಸ್ 11 ಹಾಕಿಕೊಳ್ಳೋಣವೆಂದರೆ ಇಂಟೆಲ್‌ನಲ್ಲಾದರೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು, ಟಿಪಿಎಂ 2.0 ಬೇಕು. ನಮ್ಮ ಮನೆಯದು 2013ರ ಲ್ಯಾಪ್‌ಟಾಪ್, ಮೂರನೇ ತಲೆಮಾರಿನ ಐ3, ನಾಲ್ಕು ಜಿಬಿ ರ್‍ಯಾಮ್. ರಿಪೇರಿ ಅಂಗಡಿಯ ಹುಡುಗ ಮುಚ್ಚಳ ತೆಗೆದೂ ನೋಡದೆ, ‘ಎಕ್ಸ್‌ಚೇಂಜ್‌ಗೆ ಹಾಕ್ಬಿಡಿ ಸಾರ್’ ಅಂದ. ಹೊಸದಕ್ಕೆ ಅವನು ಹೇಳಿದ ರೇಟು ಮೂವತ್ತೆಂಟು ಸಾವಿರ. ನಮ್ಮ ಮನೆಯಲ್ಲಿ ಅದರ ಮೇಲೆ ನಡೆಯುವ ಕೆಲಸವೋ, ಬ್ಯಾಂಕು, ಇ-ಮೇಲ್, ಯೂಟ್ಯೂಬ್, ನನ್ನ ಬರವಣಿಗೆ, ಅಷ್ಟೇ. ಅಪ್‌ಡೇಟ್ ಇಲ್ಲದ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತುವ ಧೈರ್ಯ ಮಾತ್ರ ನನಗಿಲ್ಲ.

ಲಿನಕ್ಸ್ ಹಾಕಿದರೆ ಪುಕ್ಕಟೆ ಎಂದು ಎಲ್ಲರೂ ಹೇಳುತ್ತಾರೆ. ತಂತ್ರಾಂಶಕ್ಕೆ ಕಾಸಿಲ್ಲ, ನಿಜ. ಆದರೆ ಅದರ ಹಿಂದೆಯೇ ರ್‍ಯಾಮ್, ಬ್ಯಾಟರಿ, ಚಾರ್ಜರ್ ಅಂತ ಸಣ್ಣ ಸಣ್ಣ ಖರ್ಚುಗಳು ಸಾಲುಗಟ್ಟುತ್ತವೆ. ಹಾಗಾಗಿ ನನ್ನದೊಂದು ಕಟ್ಟುನಿಟ್ಟಿದೆ: ನಾಳೆ ಈ ಯಂತ್ರ ಸತ್ತರೆ ಬಿಚ್ಚಿಕೊಂಡು ಇನ್ನೊಂದಕ್ಕೆ ಹಾಕಬಹುದಾದ ವಸ್ತುವಿಗೆ ಮಾತ್ರ ಧಾರಾಳವಾಗಿ ದುಡ್ಡು. ಉಳಿದದ್ದಕ್ಕೆ ಚಿಲ್ಲರೆ, ಇಲ್ಲವೇ ಏನೂ ಇಲ್ಲ.

ಮೊದಲ ಖರ್ಚು ಒಂದು ಪೆನ್‌ಡ್ರೈವ್, ಮುನ್ನೂರೈವತ್ತು ರೂಪಾಯಿ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಅದಕ್ಕೆ ಬರೆದು, ಅದರಿಂದಲೇ ಲ್ಯಾಪ್‌ಟಾಪ್ ಶುರು ಮಾಡಿದೆ. ಹಾರ್ಡ್‌ಡಿಸ್ಕ್ ಮುಟ್ಟದೆಯೇ ವೈಫೈ ಹಿಡಿಯುತ್ತದೋ, ಕ್ಯಾಮೆರಾ ಕಾಣುತ್ತದೋ, ಸ್ಪೀಕರ್ ಉಲಿಯುತ್ತದೋ ಎಲ್ಲ ನೋಡಿಬಿಡಬಹುದು. ಇಲ್ಲೇ ಕೈಕೊಟ್ಟರೆ ಖರ್ಚು ಅಲ್ಲಿಗೇ ಮುಗಿಯಿತು. ಪೆನ್‌ಡ್ರೈವ್ ಹೇಗಿದ್ದರೂ ಬೇರೆ ಕೆಲಸಕ್ಕೆ ಬರುತ್ತದೆ.

ನಮ್ಮಲ್ಲಿ ಎಲ್ಲವೂ ಹಿಡಿಯಿತು, ಪ್ರಿಂಟರ್ ಒಂದು ಬಿಟ್ಟು. ಊರಿಗೆಲ್ಲ ಒಗ್ಗಿಹೋದ ಆ ಪುಟ್ಟ ಲೇಸರ್ ಪ್ರಿಂಟರಿನ ಡ್ರೈವರ್ ಲಿನಕ್ಸ್‌ನಲ್ಲಿ ಒಂದು ಹಾಳೆ ಕೊಟ್ಟು ಮುನಿಸಿಕೊಂಡು ಕೂರುತ್ತದೆ. ಹೊಸ ಪ್ರಿಂಟರ್ ಕೊಳ್ಳಲಿಲ್ಲ. ಬೀದಿ ತುದಿಯ ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ಐದು ರೂಪಾಯಿ, ತಿಂಗಳಿಗೆ ಹತ್ತು ಪುಟ ದಾಟುವುದಿಲ್ಲ.

ಮುಂದಿನದೇ ದೊಡ್ಡ ಬಾಬ್ತು, ಎಸ್‌ಎಸ್‌ಡಿ. ಎಸ್‌.ಪಿ. ರೋಡಿನಲ್ಲಿ 256 ಜಿಬಿಯದನ್ನು ಸಾವಿರದ ಏಳುನೂರಕ್ಕೆ ತಂದೆ. ಲ್ಯಾಪ್‌ಟಾಪನ್ನು ಬೋರಲು ಹಾಕಿ ಬ್ಯಾಟರಿ ತೆಗೆದು ಮುಚ್ಚಳ ಬಿಚ್ಚಿದರೆ, ಫ್ಯಾನಿನ ಬಾಯಿಗೆ ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿ ಕೂತಿತ್ತು. ಅದನ್ನು ಚಿಮುಟದಲ್ಲಿ ಎಳೆದು ತೆಗೆದೆ. ಯಂತ್ರ ಕಾದು ಕಾದು ನಿಧಾನವಾಗುತ್ತಿದ್ದುದಕ್ಕೆ ಅರ್ಧ ಕಾರಣ ಅದೇ, ಪರಿಹಾರಕ್ಕೆ ಬಿಡಿಗಾಸೂ ಬೇಕಾಗಲಿಲ್ಲ. ಹಾರ್ಡ್‌ಡಿಸ್ಕ್ ಕೂತಿದ್ದ ತಗಡಿನ ಚೌಕಟ್ಟಿಗೆ ನಾಲ್ಕು ಸಾಸಿವೆಯಷ್ಟು ಸ್ಕ್ರೂ. ಅವನ್ನು ಬಿಚ್ಚಿ ಅದೇ ಚೌಕಟ್ಟಿಗೆ ಎಸ್‌ಎಸ್‌ಡಿ ಕೂರಿಸಿ, ಸಾಟಾ ಕಿಂಡಿಗೆ ತಳ್ಳಿದರೆ ಮುಗಿಯಿತು. ಹಳೇ ಹಾರ್ಡ್‌ಡಿಸ್ಕಿನಲ್ಲಿ ತಟ್ಟೆ ತಿರುಗಬೇಕು, ಮುಳ್ಳು ಜಾಗ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ಆ ಅಲೆದಾಟವಿಲ್ಲ. ಹನ್ನೆರಡು ವರ್ಷದ ಹಳೆಯ ಪ್ರೊಸೆಸರ್ ನಮ್ಮಂಥವರ ಕೆಲಸಕ್ಕೆ ಇನ್ನೂ ಸಾಲುತ್ತದೆ ಎಂಬುದು ಗೊತ್ತಾಗುವುದು ಆಮೇಲೆಯೇ. ಹೊರಬಂದ 500 ಜಿಬಿ ಡಿಸ್ಕಿಗೆ ಮುನ್ನೂರು ರೂಪಾಯಿಯ ಯುಎಸ್‌ಬಿ ಕೇಸು ಹಾಕಿ ಫೋಟೋಗಳ ಎರಡನೇ ಪ್ರತಿ ಇಡಲು ಬಳಸುತ್ತಿದ್ದೇನೆ. ಒಂದೇ ಪ್ರತಿಯನ್ನು ಅಂಥ ಮುದಿ ಡಿಸ್ಕಿನಲ್ಲಿಡುವುದು ಬೇಡ.

ರ್‍ಯಾಮ್ ವಿಚಾರದಲ್ಲಿ ಲಿನಕ್ಸ್ ಪ್ರೇಮಿಗಳು ಸ್ವಲ್ಪ ಉತ್ಪ್ರೇಕ್ಷೆ ಮಾಡುತ್ತಾರೆ. ಶುರುವಾದಾಗ ಒಂದು ಜಿಬಿಯೂ ಬಳಸುವುದಿಲ್ಲ ಎಂದು ಎದೆಯುಬ್ಬಿಸಿ ತೋರಿಸುತ್ತಾರೆ. ಫೈರ್‌ಫಾಕ್ಸ್‌ನಲ್ಲಿ ಬ್ಯಾಂಕು, ಮೇಲ್, ಯೂಟ್ಯೂಬ್ ತೆರೆದ ಮೇಲೆ ತೋರಿಸಲಿ ನೋಡೋಣ! ಇಂದಿನ ವೆಬ್‌ಸೈಟುಗಳ ಹೊಟ್ಟೆಬಾಕತನಕ್ಕೆ ಯಾವ ಓಎಸ್ಸೂ ಮದ್ದಲ್ಲ. ಝಡ್‌ರ್‍ಯಾಮ್ ಚಾಲೂ ಮಾಡಿದರೆ ಮೆಮೊರಿಯಲ್ಲಿರುವುದನ್ನು ಕುಗ್ಗಿಸಿಟ್ಟು ಒಂದಷ್ಟು ಜಾಗ ಮಾಡಿಕೊಡುತ್ತದೆ, ಅದು ಉಚಿತ. ಆದರೂ ಇನ್ನೊಂದು ನಾಲ್ಕು ಜಿಬಿ ಸೆಕೆಂಡ್‌ಹ್ಯಾಂಡ್ ಡಿಡಿಆರ್3 ಪಟ್ಟಿಯನ್ನು ಆರುನೂರಕ್ಕೆ ತಂದು ಹಾಕಿದೆ. ಇದು ಹೊಸ ಯಂತ್ರಕ್ಕೆ ಹೋಗದ ವಸ್ತು. ನನ್ನ ನಿಯಮದ ಪ್ರಕಾರ ಚಿಲ್ಲರೆ ಖಾತೆ. ಬ್ಯಾಟರಿಗೆ ಎರಡು ಸಾವಿರ ಕೇಳಿದರು, ಬೇಡವೆಂದೆ. ಮನೆಗೆ ಯುಪಿಎಸ್ ಇದೆ, ಲ್ಯಾಪ್‌ಟಾಪ್ ಮೇಜು ಬಿಟ್ಟು ಕದಲುವುದಿಲ್ಲ.

ಅಲ್ಲಿಗೆ ಒಟ್ಟು 2,950 ರೂಪಾಯಿ. ಮಿಂಟ್ ನಡೆಯುವುದು ಬಳಕೆದಾರರ ದೇಣಿಗೆ ಮತ್ತು ಪ್ರಾಯೋಜಕರಿಂದ. ಉಳಿದದ್ದರಲ್ಲಿ ಅವರಿಗೂ ಒಂದು ಪಾಲು ಕಳಿಸಿದೆ. ಕನ್ನಡ ಬರೆಯುವುದಕ್ಕೂ ಖರ್ಚಿಲ್ಲ. ಐಬಸ್‌ನಲ್ಲಿ ಕೆಜಿಪಿ ವಿನ್ಯಾಸ ಆರಿಸಿಕೊಂಡರೆ ನುಡಿಯಲ್ಲಿ ಪಳಗಿದ ಬೆರಳು ಹಾಗೇ ಓಡುತ್ತದೆ.

ಇಷ್ಟೆಲ್ಲ ಕೇಳಿದ ನಮ್ಮ ಭಾವ, ‘ಹಾಗಾದ್ರೆ ನಮ್ಮ ಅಂಗಡೀದಕ್ಕೂ ಇದನ್ನೇ ಹಾಕ್ಕೊಡಪ್ಪ’ ಅಂದರು. ಅವರದು 2009ರ ಕೋರ್ 2 ಡ್ಯುಓ ಡೆಸ್ಕ್‌ಟಾಪ್. ಹಾಕಿಕೊಡಲಾರೆ ಅಂದೆ. ಅವರ ಲೆಕ್ಕಪತ್ರವೆಲ್ಲ ಟ್ಯಾಲಿಯಲ್ಲಿ, ಅದು ವಿಂಡೋಸ್‌ಗೆಂದೇ ಮಾಡಿದ್ದು. ಹೇಗೋ ಹೊಂದಿಸಿ ಓಡಿಸಬಹುದು ಎನ್ನುವವರಿದ್ದಾರೆ. ಜಿಎಸ್‌ಟಿ ಕಟ್ಟುವ ಕಡೇ ದಿನ ಆ ‘ಹೇಗೋ’ ಕೈಕೊಟ್ಟರೆ ದಂಡ ಕಟ್ಟುವವರು ಭಾವ. ಜೊತೆಗೆ ಕರೆಂಟು. ಮಾನಿಟರೂ ಸೇರಿ ನೂರು ವ್ಯಾಟ್ ಎಳೆಯುವ ಡಬ್ಬ ದಿನಕ್ಕೆ ಹತ್ತು ಗಂಟೆ ನಡೆದರೆ ಒಂದು ಯೂನಿಟ್. ವರ್ಷಕ್ಕೆ ಮುನ್ನೂರು ದಿನ, ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ 2,100. ಅಂಗಡಿಗೆ ಗೃಹಜ್ಯೋತಿಯೂ ಇಲ್ಲ. ಡಿಡಿಆರ್2 ರ್‍ಯಾಮ್ ಹುಡುಕಿ ಅದಕ್ಕೆ ಸುರಿಯುವುದು ದಂಡ.

ಕಚೇರಿಗಳಿಂದ ಹೊರಬಂದ, ಎಂಟನೇ ತಲೆಮಾರಿನ ಪುಟ್ಟ ಡೆಸ್ಕ್‌ಟಾಪ್ ಒಂದನ್ನು ವರ್ಷದ ವಾರಂಟಿಯೊಂದಿಗೆ ಹದಿನಾಲ್ಕು ಸಾವಿರಕ್ಕೆ ಕೊಡಿಸಿದೆ. ವಿಂಡೋಸ್ 11 ಲೈಸೆನ್ಸ್ ಸಮೇತ. ಹಿಂದೆ ವಿಜಿಎ ಪೋರ್ಟ್ ಇದೆಯೇ ಎಂದು ಬಗ್ಗಿ ನೋಡಿಯೇ ಆರಿಸಿದ್ದರಿಂದ ಹಳೇ ಮಾನಿಟರ್ ನೇರವಾಗಿ ಕೂತಿತು, ಕನ್ವರ್ಟರಿಗೆ ದುಡ್ಡು ಹಾಕಬೇಕಾಗಲಿಲ್ಲ.