ಖಾಪ್ರಿಯಲ್ಲಿ ಗೋಂಡಿ ತರಗತಿ

ಒಂದು ಭಾಷೆಯನ್ನಾಡುವ ಜನರಿಗೆ ಸಂಬಳ ಕೊಡಲಾಗದ ವಿಶ್ವವಿದ್ಯಾಲಯ ಆ ಭಾಷೆಯಲ್ಲಿ ಕೋರ್ಸು ತೆರೆಯಬಾರದು. ನಾಗಪುರದ ಮಿಹಾನ್‌ನಲ್ಲಿ ಗೋಂಡಿ ಸರ್ಟಿಫಿಕೇಟ್ ಕೋರ್ಸಿನ ಸಂಯೋಜಕನಾಗಿ ದುಡಿದ ವರ್ಷಗಳಲ್ಲಿ ನಾನು ಕಲಿತದ್ದರಲ್ಲಿ ಇದು ಮೊದಲನೆಯದು. ಉಳಿದದ್ದೆಲ್ಲ ಇದರ ಬೆನ್ನಿಗೇ ಬಂತು.

ಮಿಹಾನ್ ಎಂಬ ಹೊಸ ಕೈಗಾರಿಕಾ ವಲಯ ಇರುವುದು ನಾಗಪುರದ ದಕ್ಷಿಣಕ್ಕೆ, ವರ್ಧಾ ರಸ್ತೆಯ ಮಗ್ಗುಲಲ್ಲಿ, ವಿಮಾನ ನಿಲ್ದಾಣಕ್ಕೆ ಅಂಟಿಕೊಂಡು. ಖಾಪ್ರಿ, ಕಲ್ಕುಹಿ, ತೇಲ್ಹಾರಾ, ದಹೇಗಾವ್ ಊರುಗಳ ಹೊಲಗದ್ದೆ ಇದ್ದ ಕಡೆ ಈಗ ಟಿಸಿಎಸ್, ಇನ್ಫೋಸಿಸ್, ಎಚ್‌ಸಿಎಲ್ ಕಟ್ಟಡಗಳಿವೆ, ಐಐಎಂ ಇದೆ, 2022ರ ಡಿಸೆಂಬರ್‌ನಲ್ಲಿ ಉದ್ಘಾಟನೆಯಾದ ಏಮ್ಸ್ ಆಸ್ಪತ್ರೆ ಇದೆ. 2019ರಿಂದ ಖಾಪ್ರಿಯವರೆಗೆ ಮೆಟ್ರೊ ಬರುತ್ತದೆ. ಭಾಷಾ ಕೋರ್ಸಿಗೆ ಇಂಥ ಜಾಗ ಯಾಕೆ ಎಂದು ವಿಶ್ವವಿದ್ಯಾಲಯದ ನಮ್ಮ ವಿಭಾಗದ ಹಿರಿಯರು ಕೇಳಿದ್ದರು. ಗಡಚಿರೋಲಿ, ಬಾಲಾಘಾಟ್, ಛಿಂದವಾಡಾ ಕಡೆಯ, ಗೋಂಡಿ ಆಡುವ ಗೋಂಡ ಆದಿವಾಸಿಗಳು ದೊಡ್ಡ ಕಾಯಿಲೆ ಬಿದ್ದಾಗ ಬರುವುದು ನಾಗಪುರದ ಆಸ್ಪತ್ರೆಗಳಿಗೇ. ಅವರ ಮಾತು ತಿಳಿಯಬೇಕಾದ ನರ್ಸುಗಳು, ಟೆಕ್ನಿಷಿಯನ್ನರು ಸಂಜೆ ಪಾಳಿ ಮುಗಿಸಿ ಊರ ಆ ತುದಿಯ ವಿಶ್ವವಿದ್ಯಾಲಯಕ್ಕೆ ಬರಲಾರರು. ಅದಕ್ಕೇ ನಾವೇ ಖಾಪ್ರಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆವು.

2011ರ ಜನಗಣತಿಯಲ್ಲಿ ಗೋಂಡಿ ಭಾಷಿಕರೆಂದು ಲೆಕ್ಕಕ್ಕೆ ಬಂದವರು 29 ಲಕ್ಷಕ್ಕೂ ಹೆಚ್ಚು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಅದಕ್ಕೆ ಜಾಗವಿಲ್ಲ. ಹೋಲಿಕೆಗೆ ನೋಡಿ, ವೇಲ್ಸ್‌ನಲ್ಲಿ 2021ರ ಗಣತಿಯಂತೆ ವೆಲ್ಶ್ ಬಲ್ಲವರು 5 ಲಕ್ಷ 38 ಸಾವಿರ. ಅವರಿಗೆ 1982ರಿಂದ ಸ್ವಂತ ಟೀವಿ ಚಾನೆಲ್ ಇದೆ, 1993ರ ಭಾಷಾ ಕಾಯ್ದೆ ಇದೆ, ಕಚೇರಿಯಲ್ಲಿ ಕೆಲಸಕ್ಕೆ ಬೇಕಾದಷ್ಟು ವೆಲ್ಶ್ ಕಲಿಸುವ ವ್ಯವಸ್ಥೆ ಇದೆ. ಧಾರವಾಡದಲ್ಲಿ ಭಾಷಾವಿಜ್ಞಾನ ಓದುವಾಗಿನಿಂದ ನನಗೆ ವೆಲ್ಶ್, ಐರಿಶ್ ಸೇರಿದ ಕೆಲ್ಟಿಕ್ ಭಾಷೆಗಳ ಅಧ್ಯಯನದ ಮೇಲೆ ಕಣ್ಣು. ಜರ್ಮನಿಯ ಝ್ಯೂಸ್ ಕೆಲ್ಟಿಕ್ ವ್ಯಾಕರಣ ಪ್ರಕಟಿಸಿದ್ದು 1853ರಲ್ಲಿ. ಐರ್ಲೆಂಡಿನಲ್ಲಿ ಹುಟ್ಟಿದ ಕಾಲ್ಡ್‌ವೆಲ್ ನಮ್ಮ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ತಂದದ್ದು 1856ರಲ್ಲಿ. ಎರಡು ಶಾಸ್ತ್ರಗಳೂ ಹೆಚ್ಚುಕಡಿಮೆ ಜೊತೆಜೊತೆಗೇ ಹೊರಟವು. 1877ಕ್ಕೆ ಆಕ್ಸ್‌ಫರ್ಡ್‌ನಲ್ಲಿ ಕೆಲ್ಟಿಕ್ ಪೀಠ ಬಂತು, ಅದರ ಮೊದಲ ಪ್ರಾಧ್ಯಾಪಕ ಜಾನ್ ರೀಸ್ ವೆಲ್ಶ್ ಮನೆಮಾತಿನವರು. ನಮ್ಮಲ್ಲಿ ಕನ್ನಡ, ತಮಿಳು, ತೆಲುಗಿಗೆ ಪೀಠಗಳು ಬಂದವು. ಅದೇ ಕುಟುಂಬದ ಗೋಂಡಿ ಬಹುಕಾಲ ಬೇರೆಯವರ ಪುಸ್ತಕಗಳಲ್ಲಿ ಅಧ್ಯಾಯವಾಗಿಯೇ ಉಳಿಯಿತು.

ಇದಕ್ಕೆ ಈ ಊರಿನದೇ ಉದಾಹರಣೆ ಇದೆ. ನಾಗಪುರದಲ್ಲಿದ್ದ ಸ್ಕಾಟ್ಲೆಂಡಿನ ಪಾದ್ರಿ ಸ್ಟೀಫನ್ ಹಿಸ್ಲಾಪ್ ಗೋಂಡರ ಪುರಾಣಪುರುಷ ಲಿಂಗೋನ ಕಥನವನ್ನು, ಅದನ್ನು ಹಾಡುತ್ತ ಬಂದ ಪರಧಾನ ಗಾಯಕರ ಬಾಯಿಂದ ಬರೆದಿಟ್ಟವರು. 1863ರಲ್ಲಿ ಟಾಕಳಘಾಟ್‌ನ ಕಲ್ಲುವೃತ್ತಗಳನ್ನು ನೋಡಿ ಮರಳುವಾಗ ತುಂಬಿದ ಹಳ್ಳದಲ್ಲಿ ಕೊಚ್ಚಿಹೋದರು. ಟಾಕಳಘಾಟ್ ಇರುವುದು ಮಿಹಾನ್‌ನಿಂದ ಇನ್ನಷ್ಟು ದಕ್ಷಿಣಕ್ಕೆ, ಬುಟಿಬೋರಿಯ ಹತ್ತಿರ. ಅವರ ಬರಹಗಳನ್ನು ರಿಚರ್ಡ್ ಟೆಂಪಲ್ 1866ರಲ್ಲಿ ಸಂಪಾದಿಸಿ ಹೊರತಂದರು. ಹಿಸ್ಲಾಪ್ ಅವರ ಶ್ರಮದ ಬಗ್ಗೆ ನನಗೆ ತುಂಬ ಗೌರವವಿದೆ. ಆದರೆ ಪುಸ್ತಕ ಹಿಸ್ಲಾಪ್ ಮತ್ತು ಟೆಂಪಲ್ ಅವರದೆಂದು ಗ್ರಂಥಾಲಯದ ಕಪಾಟು ಸೇರಿತು, ಕಥನ ಹೇಳಿದ ಪರಧಾನರ ಪಾಂಡಿತ್ಯಕ್ಕೆ ಯಾವ ಹುದ್ದೆಯೂ ಹುಟ್ಟಲಿಲ್ಲ.

ನಮ್ಮ ಕೋರ್ಸಿನ ಅಧ್ಯಾಪಕಿ ಗಡಚಿರೋಲಿ ಜಿಲ್ಲೆಯ ಧಾನೋರಾ ಕಡೆಯವರು, ಅರವತ್ತು ದಾಟಿದವರು. ಮಗ ಮಿಹಾನ್‌ನಲ್ಲಿ ಡ್ರೈವರ್. ಮರಾಠಿ ಶಾಲೆಗಳಲ್ಲಿ ಟೀಚರನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ‘ಬಾಯಿ’ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವರು. ಹಾಗಾಗಿ ಅಕೌಂಟ್ಸ್ ಕಡೆಯಿಂದ ಬಂದ ಮೊದಲ ಪ್ರಶ್ನೆ, ಎಂ.ಎ., ನೆಟ್ ಇಲ್ಲದವರನ್ನು ಅತಿಥಿ ಉಪನ್ಯಾಸಕರೆಂದು ಹೇಗೆ ತೋರಿಸುವುದು? ‘ಸಂಪನ್ಮೂಲ ವ್ಯಕ್ತಿ’ ಎಂದು ಬರೆದು ಶಾಲು, ತೆಂಗಿನಕಾಯಿ, ಸ್ವಲ್ಪ ಗೌರವಧನ ಕೊಟ್ಟು ಮುಗಿಸಿ ಎಂಬ ಸಲಹೆಯೂ ಬಂತು. ನಮ್ಮ ವಿಭಾಗ ಒಪ್ಪಲಿಲ್ಲ. ವಾರಕ್ಕೆ ಮೂರು ಸಂಜೆ ಪಾಠ ಮಾಡುವವರು ಅಧ್ಯಾಪಕರು. ಪಕ್ಕದಲ್ಲಿ ಕೂತು ವ್ಯಾಕರಣ ಬಿಡಿಸಿ ಹೇಳುವ ನನ್ನಂಥವನಿಗೆ ಪೂರ್ತಿ ಸಂಬಳ, ಭಾಷೆ ಕೊಡುವವರಿಗೆ ಬಸ್ ಚಾರ್ಜು, ಇದು ನ್ಯಾಯವಲ್ಲ. 2022ರಲ್ಲಿ ಯುಜಿಸಿ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಮಾರ್ಗಸೂಚಿ ಹೊರಡಿಸಿತ್ತು. ಕ್ಷೇತ್ರದಲ್ಲಿ ಕನಿಷ್ಠ 15 ವರ್ಷದ ಅನುಭವವಿದ್ದರೆ ಔಪಚಾರಿಕ ಪದವಿ ಕಡ್ಡಾಯವಲ್ಲ ಎನ್ನುತ್ತದೆ ಅದು. ಬಾಯಿಗೆ ಆ ಹುದ್ದೆಯನ್ನೇ ಕೇಳಲಿಲ್ಲ. ಆದರೆ ಪದವಿಯಿಲ್ಲದ ಅನುಭವಕ್ಕೂ ವಿಶ್ವವಿದ್ಯಾಲಯದಲ್ಲಿ ಬೆಲೆಯಿದೆ ಎಂಬುದಕ್ಕೆ ಆಧಾರವಾಗಿ ಅದನ್ನು ಟಿಪ್ಪಣಿಗೆ ಲಗತ್ತಿಸಿದೆವು. ಕಡತ ಎಷ್ಟೋ ಸಲ ಹೋಗಿ ಬಂತು. ಕೊನೆಗೆ ಸ್ನಾತಕೋತ್ತರ ಅತಿಥಿ ಉಪನ್ಯಾಸಕರಿಗೆ ಗಂಟೆಗೆ ಎಷ್ಟೋ ಅಷ್ಟೇ ಬಾಯಿಗೂ ಎಂದು ಮಂಜೂರಾಯಿತು.

ಅಲ್ಲಿಂದ ತರಗತಿಯ ಹದವೇ ಬದಲಾಯಿತು. ಬಾಯಿ ಪಾಠಕ್ಕೆ ತಯಾರಾಗಿ ಬರತೊಡಗಿದರು. ನಾನು ಕೊಟ್ಟ ಪದಪಟ್ಟಿಯನ್ನು ಪಕ್ಕಕ್ಕೆ ಸರಿಸಿ, ‘ಇದು ಬೇಡ ಸರ್, ಇವತ್ತು ನಾನು ರೋಗಿ’ ಎಂದು ಬೆಂಚಿನ ಮೇಲೆ ಮಲಗಿಬಿಟ್ಟ ಸಂಜೆ ಚೆನ್ನಾಗಿ ನೆನಪಿದೆ. ಮೈಯ ಭಾಗಗಳ ಹೆಸರು ಹಿಂದಿನ ವಾರವೇ ಆಗಿತ್ತು: ತಲ್ಲಾ, ಕನ್, ಪಲ್, ಕಯ್, ಕಾಲ್, ನತ್ತೂರ್. ಕಲಬುರ್ಗಿಯಿಂದ ಬಂದ ನರ್ಸೊಬ್ಬರು ಆ ದಿನ ‘ಸರ್, ಇದು ನಮ್ಮ ಮಾತೇ ಅದಲ್ರೀ!’ ಎಂದು ಎದ್ದೇ ನಿಂತಿದ್ದರು. ತಲೆ, ಕಣ್ಣು, ಹಲ್ಲು, ಕೈ, ಕಾಲು, ನೆತ್ತರು ಎಂದು ಹೇಳಿಕೊಂಡು ಬೆಳೆದವರಿಗೆ ಆ ಪಟ್ಟಿ ಒಂದೇ ಸಂಜೆಗೆ ಬಾಯಿಪಾಠವಾಗುತ್ತದೆ. ಕ್ರಿಯಾಪದ ಬಂದಾಗ ತೊಡಕು. ಗೋಂಡಿಯಲ್ಲಿ ಗಂಡಸರಿಗೊಂದು ಪ್ರತ್ಯಯ, ಉಳಿದೆಲ್ಲಕ್ಕೆ ಇನ್ನೊಂದು. ಹೆಂಗಸು ಬಂದದ್ದಕ್ಕೂ ಹಸು ಬಂದದ್ದಕ್ಕೂ ರೂಪ ಒಂದೇ. ತೆಲುಗು ಬಲ್ಲವರಿಗೆ ಇದು ಸಲೀಸು, ಕನ್ನಡದ ನಾಲಿಗೆ ಪ್ರತಿ ಸಲವೂ ತಡವರಿಸುತ್ತದೆ.

ಬೆಂಚಿನ ಮೇಲೆ ಮಲಗಿದ ಬಾಯಿಯನ್ನು ಆ ನರ್ಸು ಕೇಳಿದ್ದು ಎರಡೇ ಪ್ರಶ್ನೆ: ಎಲ್ಲಿ ನೋವು, ಯಾವಾಗಿನಿಂದ? ಬಾಯಿ ಹೊಟ್ಟೆ ಮುಟ್ಟಿ ತೋರಿಸಲಿಲ್ಲ. ಮನೆಯಲ್ಲಿ ಯಾರಿದ್ದಾರೆ, ಕಾಡಿಗೆ ಯಾರ ಜೊತೆ ಹೋದೆ ಎಂದು ಶುರುಮಾಡಿ, ಹಿಪ್ಪೆ ಹೂ ಆಯುವಾಗ ನೋವು ಬಂತು, ತೆಂದು ಎಲೆ ಕಟ್ಟುವ ಹೊತ್ತಿಗೆ ಏಳಲಾಗಲಿಲ್ಲ ಎಂದರು. ನರ್ಸು ಪೆನ್ನು ಹಿಡಿದು ನಿಂತೇ ಇದ್ದರು. ಫಾರ್ಮಿನಲ್ಲಿ ‘ಎಷ್ಟು ದಿನದಿಂದ’ ಎಂಬ ಖಾನೆ ಖಾಲಿ. ಗೋಂಡಿ ಹಳ್ಳಿಯ ರೋಗಿ ಉತ್ತರ ಕೊಡುವುದು ಹೀಗೆಯೇ ಎಂದು ಬಾಯಿ ಎದ್ದು ಕೂತು ಹೇಳಿದರು. ಹಿಪ್ಪೆ ಹೂ ಉದುರುವುದು ಮಾರ್ಚ್–ಏಪ್ರಿಲ್‌ನಲ್ಲಿ, ಬೀಡಿಗೆ ಹೋಗುವ ತೆಂದು ಎಲೆಯ ಸುಗ್ಗಿ ಮೇ ತಿಂಗಳಲ್ಲಿ. ಇವೆರಡು ಗೊತ್ತಿದ್ದ ನರ್ಸು ಖಾನೆಯಲ್ಲಿ ಸುಮಾರು ತಿಂಗಳು ಬರೆಯಬಲ್ಲರು, ಕಾಯಿಲೆ ಹೇಗೆ ಏರಿತು ಎಂದೂ ತಿಳಿಯಬಲ್ಲರು. ಮರುದಿನ ನಾನು ಪಠ್ಯಕ್ರಮ ತೆಗೆದು ‘ಗೋಂಡಿ ಸಂಸ್ಕೃತಿ’ ಎಂಬ ಪ್ರತ್ಯೇಕ ಪತ್ರಿಕೆಯನ್ನು ಭಾಷೆಯ ಪತ್ರಿಕೆಯೊಳಕ್ಕೇ ಸೇರಿಸಿದೆ. ಕಾಡಿನ ಕಾಲಮಾನ, ನಂಟಸ್ತಿಕೆ, ಊಟದ ಪದ್ಧತಿ, ಪೂಜಿಸುವ ದೇವರ ಸಂಖ್ಯೆಯ ಮೇಲೆ ನಿಂತ ಕುಲವ್ಯವಸ್ಥೆ, ಎಲ್ಲವೂ ಮಾತಿನ ಜೊತೆಗೇ ಬರಲಿ ಎಂದು.

ಸಂಸ್ಕೃತಿಯನ್ನು ಬೇರೆ ಇಟ್ಟರೆ ಅದು ಕುಣಿತಕ್ಕೆ ಇಳಿಯುತ್ತದೆ, ಇದನ್ನು ಒತ್ತಿ ಹೇಳಬೇಕು. ಪ್ರವೇಶ ಸಂಖ್ಯೆ ಹೆಚ್ಚಿಸಲು ಗೋಂಡಿ ನೃತ್ಯ, ಚಿತ್ರಕಲೆ, ಪುರಾಣ ಮೂರನ್ನೇ ಇಟ್ಟು ಆರು ವಾರದ ಕೋರ್ಸು ಮಾಡಿ ಎಂದವರಿದ್ದರು. ಪರಧಾನ ಗೋಂಡರ ಚಿತ್ರಕಲೆ ಜಂಗಢ ಸಿಂಗ್ ಶ್ಯಾಮರಿಂದಾಗಿ ಲೋಕಕ್ಕೆಲ್ಲ ಗೊತ್ತು, ಅರ್ಜಿಗಳು ಖಂಡಿತ ಬರುತ್ತಿದ್ದವು. ಆದರೆ ಭಾಷೆಯ ಹೆಸರಿನ ಕೋರ್ಸಿನಿಂದ ಭಾಷೆ ಬಾರದೆ ಹೊರಬರುವ ವಿದ್ಯಾರ್ಥಿ ಆ ಭಾಷೆಗೆ ಏನನ್ನೂ ಕೊಟ್ಟ ಹಾಗಾಗುವುದಿಲ್ಲ. ಬರೀ ಶಾಲೆಯಿಂದಲೂ ಭಾಷೆ ಉಳಿಯುವುದಿಲ್ಲ. ಐರ್ಲೆಂಡ್ ಸ್ವತಂತ್ರವಾದಾಗಿನಿಂದ ನೂರು ವರ್ಷ ಶಾಲೆಗಳಲ್ಲಿ ಐರಿಶ್ ಕಲಿಸಿದೆ. 2022ರ ಗಣತಿಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ ತಮಗೆ ಐರಿಶ್ ಬರುತ್ತದೆ ಎಂದರು. ಶಾಲೆಯ ಹೊರಗೆ ದಿನವೂ ಆಡುವವರು ಸುಮಾರು 72 ಸಾವಿರ. ನಮ್ಮ ನರ್ಸುಗಳಿಗೆ ಗೋಂಡಿ ಮರುದಿನವೇ ವಾರ್ಡಿನಲ್ಲಿ ಬೇಕಿತ್ತು, ಅದರಿಂದಲೇ ಅವರಿಗೆ ಅದು ಬಂತು.

ಲಿಪಿಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಇದರಲ್ಲಿ ವರ್ಷಗಳು ಕಳೆದುಹೋಗುವುದುಂಟು. ಗೋಂಡಿಗೆ ಬಾಲಾಘಾಟ್ ಕಡೆಯ ಮುನ್ಶಿ ಮಂಗಲ್ ಸಿಂಗ್ ಮಸಾರಾಂ 1918ರಲ್ಲಿ ರೂಪಿಸಿದ ಲಿಪಿ ಇದೆ, ಆದಿಲಾಬಾದ್ ಜಿಲ್ಲೆಯ ಗುಂಜಾಲ ಗ್ರಾಮದ ಹಸ್ತಪ್ರತಿಗಳಲ್ಲಿ ಸಿಕ್ಕ ಇನ್ನೊಂದು ಲಿಪಿ ಇದೆ. ಯೂನಿಕೋಡ್‌ನಲ್ಲಿ ಮೊದಲನೆಯದು 2017ರಲ್ಲಿ, ಎರಡನೆಯದು 2018ರಲ್ಲಿ ಸೇರಿತು. ದೇವನಾಗರಿ, ತೆಲುಗು ಲಿಪಿಗಳು ಬಳಕೆಯಲ್ಲಿವೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಕೆಲವೇ ಜನ ಆಡುವ ಕೆಲ್ಟಿಕ್ ಭಾಷೆ ಕಾರ್ನಿಶ್‌ಗೆ ಹಲವು ಕಾಗುಣಿತ ಪಂಗಡಗಳಿದ್ದು, 2008ರಲ್ಲಿ ಒಂದು ಸಮಾನ ಬರವಣಿಗೆಗೆ ಒಪ್ಪುವಷ್ಟರಲ್ಲಿ ದಶಕಗಳ ಜಗಳ ನಡೆದಿತ್ತು. ನಾವು ದೇವನಾಗರಿಯಲ್ಲಿ ಕಲಿಸಿದೆವು, ವಿದ್ಯಾರ್ಥಿಗಳ ಕೈಗೆ ಅದು ಮೊದಲೇ ಬರುತ್ತಿತ್ತು. ಗೋಂಡರ ಲಿಪಿಗಳಿಗೂ ತರಗತಿ ಇಟ್ಟೆವು, ಪರೀಕ್ಷೆ ಇಡಲಿಲ್ಲ.

ಉಪಭಾಷೆಗಳ ಪ್ರಶ್ನೆ ಇದಕ್ಕಿಂತ ಆಳದ್ದು. ಮಂಡ್ಲಾದ ಗೋಂಡಿಯವರಿಗೂ ಆದಿಲಾಬಾದಿನವರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ಸುಲಭವಾಗಿ ಹತ್ತುವುದಿಲ್ಲ. ಇಲ್ಲಿ ಕನ್ನಡ ನಾಡಿನ ಕೆಲಸವೊಂದು ನಮಗೆ ನೆರವಾಯಿತು, ಅದನ್ನು ಹೆಮ್ಮೆಯಿಂದ ಹೇಳುತ್ತೇನೆ. 2014ರಿಂದ ಏಳು ರಾಜ್ಯಗಳ ಗೋಂಡಿ ಭಾಷಿಕರು ಸಾಲು ಕಮ್ಮಟಗಳಲ್ಲಿ ಸೇರಿ ಸಮಾನ ಪದಕೋಶವೊಂದನ್ನು ಕಟ್ಟಿದರು. ಸುಮಾರು 3 ಸಾವಿರ ಪದಗಳ ಆ ಕೋಶದ ಹಿಂದೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಬುಡಕಟ್ಟು ಅಧ್ಯಯನ ವಿಭಾಗವಿತ್ತು, ಪ್ರೊ. ಕೆ.ಎಂ. ಮೇತ್ರಿ ಅವರಿದ್ದರು, 2018ರಲ್ಲಿ ಅದು ಹೊರಬಂತು. ಕೂತು ಪದ ಆರಿಸಿದವರು ಆ ಭಾಷೆಯವರೇ ಎಂಬುದು ಅದರ ಬಲ. ಆದರೂ ಆ ಕೋಶವನ್ನು ಬಾಯಿಯ ಮಾತಿನ ಮೇಲೆ ಹೇರಲಿಲ್ಲ. ವಿದ್ಯಾರ್ಥಿ ಮೊದಲು ಒಬ್ಬರ ಗೋಂಡಿಯನ್ನು ಪೂರ್ತಿ ಕಲಿಯಲಿ, ಆಮೇಲೆ ಬೇರೆ ಕಡೆಯ ಪದಗಳನ್ನು ಕೇಳಿಸಿಕೊಳ್ಳಲಿ. ವ್ಯಾಕರಣಕ್ಕೆ ನಾನು ನಂಬಿದ್ದು ಹೈದರಾಬಾದ್ ಸಂಸ್ಥಾನದ ಅಧಿಕಾರಿ ಸೇತುಮಾಧವರಾವ್ ಪಗಡಿ ಅವರ 1954ರ ಪುಸ್ತಕವನ್ನು. ಆದಿಲಾಬಾದಿನ ಮಾರ್ಲವಾಯಿಯಲ್ಲಿ 1940ರ ದಶಕದಲ್ಲಿ ಗೋಂಡ ಯುವಕರನ್ನೇ ಶಿಕ್ಷಕರನ್ನಾಗಿ ತಯಾರು ಮಾಡಿದ ಮಾನವಶಾಸ್ತ್ರಜ್ಞ ಹೈಮೆನ್‌ಡಾರ್ಫ್ ಅವರ ಪ್ರಯತ್ನ ಅದಕ್ಕೂ ಹಿಂದಿನದು. ಗೋಂಡಿ ಕಲಿಸಲು ಹೊರಡುವವರು ಆ ಪ್ರಯೋಗವನ್ನು ಓದಲೇಬೇಕು.

ನಾನು ನಿರೀಕ್ಷಿಸದೇ ಇದ್ದ ವಿದ್ಯಾರ್ಥಿಗಳೂ ಬಂದರು. ಮಿಹಾನ್‌ನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕೆಲಸ ಮಾಡುವ ಗೋಂಡ ಮನೆತನದ ಹುಡುಗ ಹುಡುಗಿಯರು. ಆದಿವಾಸಿ ಮಕ್ಕಳ ಆಶ್ರಮಶಾಲೆಯಲ್ಲಿ ಗೋಂಡಿ ಆಡಿ ಪೆಟ್ಟು ತಿಂದ ತಂದೆತಾಯಿ ಮಕ್ಕಳೊಂದಿಗೆ ಮರಾಠಿಯನ್ನೇ ಆಡಿದ್ದರು. ಈ ಮಕ್ಕಳಿಗೆ ಅಜ್ಜಿಯ ಮಾತು ಅರ್ಥವಾಗುತ್ತದೆ, ಉತ್ತರ ಬಾಯಿಗೆ ಬರುವುದಿಲ್ಲ. ಇವರನ್ನು ನರ್ಸುಗಳ ಜೊತೆ ಒಂದೇ ಬೆಂಚಿನಲ್ಲಿ ಕೂರಿಸುವುದು ಸರಿಯಲ್ಲ. ಕನ್ನಡದ ನರ್ಸು ತಪ್ಪು ಗೋಂಡಿ ಆಡಿದರೆ ಎಲ್ಲರೂ ಮೆಚ್ಚಿ ತಿದ್ದುತ್ತಾರೆ. ಗೋಂಡ ಹುಡುಗ ಅದೇ ತಪ್ಪು ಮಾಡಿದರೆ ಅವನಿಗೇ ಅವಮಾನವೆನಿಸಿ ಮಾತು ನಿಂತುಹೋಗುತ್ತದೆ. ಅವರಿಗೆ ಬೇರೆ ಸಂಜೆ ಗೊತ್ತುಮಾಡಿದೆವು. ಅಲ್ಲಿ ಪುಸ್ತಕವೂ ಇಲ್ಲ, ನಾನೂ ಇಲ್ಲ. ಬಾಯಿ, ಅವರ ಓರಗೆಯ ಇನ್ನಿಬ್ಬರು, ಚಹಾ, ಮಾತು. ಅದಕ್ಕೂ ಬೋಧನೆಯ ಗಂಟೆ ಎಂದೇ ಬಿಲ್ಲು ಹಾಕಿದೆವು.

ಈ ವರ್ಷ ಆಸ್ಪತ್ರೆಯವರಿಂದ ಮಾಡಿಯಾ ಬೇಕು ಎಂಬ ಬೇಡಿಕೆ ಬಂದಿದೆ. ಭಾಮ್ರಾಗಡದ ಕಡೆ, ನಾಗಪುರದಿಂದ 300 ಕಿಲೋಮೀಟರಿಗೂ ಆಚೆ, ಮಾಡಿಯಾ ಗೋಂಡರು ಆಡುವ ಮಾತದು. ಅಲ್ಲೇ ಹತ್ತಿರದ ಹೇಮಲಕಸಾದ ಲೋಕ ಬಿರಾದರಿ ಆಸ್ಪತ್ರೆಯಲ್ಲಿ ವೈದ್ಯರಾದ ಪ್ರಕಾಶ ಆಮ್ಟೆ, ಮಂದಾಕಿನಿ ಆಮ್ಟೆ ದಂಪತಿ ರೋಗಿಗಳಿಂದಲೇ ಮಾಡಿಯಾ ಕಲಿತು ಚಿಕಿತ್ಸೆ ಮಾಡಿದರು. ಮಾತು ಕಲಿಯದೆ ಚಿಕಿತ್ಸೆ ಸಾಗದು ಎಂಬುದಕ್ಕೆ ವಿದರ್ಭದಲ್ಲಿ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ತಮ್ಮ ಗೋಂಡಿ ಅಲ್ಲಿಯ ರೋಗಿಗಳಿಗೆ ಸಾಲದು ಎಂದು ಬಾಯಿ ತಾವೇ ಹೇಳಿ, ತಮ್ಮ ನಂಟರ ಮೂಲಕ ಆ ಕಡೆಯ ಒಬ್ಬ ಹೆಣ್ಣುಮಗಳನ್ನು ಹುಡುಕಿಕೊಟ್ಟಿದ್ದಾರೆ. ಇಬ್ಬರಿಗೂ ಒಂದೇ ದರ, ಹೊಸಬರಿಗೆ ಬಸ್ಸಿನ ಖರ್ಚು, ಖಾಪ್ರಿಯಲ್ಲಿ ಉಳಿದುಕೊಳ್ಳಲು ಕೋಣೆ ಬೇರೆ ಎಂದು ಟಿಪ್ಪಣಿ ಬರೆದಿದ್ದೇವೆ. ಅದು ಈಗ ಹಣಕಾಸು ಅಧಿಕಾರಿಗಳ ಬಳಿ ಇದೆ. ಮಂಜೂರಾತಿ ಕೈಗೆ ಬಂದ ಮೇಲೆಯೇ ಪ್ರವೇಶ ಪ್ರಕಟಣೆ ಹೊರಡಿಸುವುದೆಂದು ವಿಭಾಗದ ಸಭೆಯಲ್ಲಿ ಠರಾವು ಮಾಡಿದ್ದೇವೆ.