ಈಜುಕೊಳದ ನೀರನ್ನು ತಿಳಿಗೊಳಿಸುವ ಕ್ರಮ

ಈಜುಕೊಳದ ನೀರು ತಿಳಿಯಾಗಿರಬೇಕು, ಏಕೆ? ನೋಡಲು ಚೆನ್ನಾಗಿರುತ್ತದೆ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ಅದು ಸುಳ್ಳಲ್ಲ, ಆದರೆ ಮೊದಲನೆಯ ಕಾರಣ ಅದಲ್ಲ. ಕೊಳದ ತಳದಲ್ಲಿ ಏನಿದೆಯೆಂಬುದು ದಡದಲ್ಲಿ ನಿಂತವರ ಕಣ್ಣಿಗೆ ಕಾಣಬೇಕು. ಅದೇ ಮೊದಲನೆಯ ಕಾರಣ.

೨೦೧೧ರ ಜೂನ್ ತಿಂಗಳ ಕೊನೆಯಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಫಾಲ್ ರಿವರ್ ಪಟ್ಟಣದ ಸಾರ್ವಜನಿಕ ಈಜುಕೊಳದಲ್ಲಿ ಒಬ್ಬ ಮಹಿಳೆ ಮುಳುಗಿದರು. ಬೇಸಗೆಯ ಈಜು ಆಗಷ್ಟೇ ಮೊದಲಾಗಿತ್ತು, ನೀರು ಬಗ್ಗಡವಾಗಿತ್ತು. ಎರಡು ದಿನಗಳ ಕಾಲ ಜನ ಅದೇ ನೀರಿನಲ್ಲಿ ಈಜಿದರು. ಕಾವಲಿನವರು ಇದ್ದರು; ಆರೋಗ್ಯ ಪರೀಕ್ಷಕರೂ ಬಂದು ಹೋದರು. ತಳದಲ್ಲಿದ್ದ ದೇಹ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಬಗ್ಗಡ ನೀರು ಬರಿಯ ಕೊಳೆಯಲ್ಲ, ಅದು ಒಂದು ಪರದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇದು ದೂರದ ದೇಶದ ಸಂಗತಿಯೆಂದು ತಳ್ಳಿಬಿಡುವಂತಿಲ್ಲ. ನಮ್ಮ ಓದುಗರಲ್ಲಿ ಅನೇಕರು ಈಗ ಈಜುಕೊಳವಿರುವ ವಸತಿ ಸಂಘಗಳಲ್ಲಿ ವಾಸವಾಗಿದ್ದಾರೆ. ಕೆಲವರು ಅವುಗಳ ಆಡಳಿತ ಸಮಿತಿಯಲ್ಲಿಯೂ ಇದ್ದಾರೆ. ದೆಹಲಿಯಂಥ ಉತ್ತರದ ಊರುಗಳಲ್ಲಿ ಬಯಲು ಕೊಳಗಳನ್ನು ಚಳಿಗಾಲಕ್ಕೆ ಮುಚ್ಚಿ, ವಸಂತದಲ್ಲಿ ಮತ್ತೆ ತೆರೆಯುವುದು ರೂಢಿ. ಮುಂಬಯಿ, ಮದರಾಸಿನ ಕಡೆಗಳಲ್ಲಿಯೂ ಮಳೆಗಾಲದಲ್ಲಿ ಅಥವಾ ದುರಸ್ತಿಗಾಗಿ ಮುಚ್ಚಿದ ಕೊಳದ ಗತಿ ಇದೇ. ಮಕ್ಕಳ ಪರೀಕ್ಷೆ ಮುಗಿಯುವುದರೊಳಗೆ ಕೊಳ ಸಿದ್ಧವಾಗಬೇಕೆಂದು ಎಲ್ಲರಿಗೂ ಅವಸರ. ಆ ಅವಸರದಲ್ಲಿ ಡಬ್ಬಿಗಟ್ಟಲೆ ಔಷಧ ಸುರಿಯುವುದುಂಟು. ನೀರು ತಿಳಿಯಾಗುವುದು ಔಷಧದ ಪ್ರಮಾಣದಿಂದಲ್ಲ, ಕೆಲಸದ ಕ್ರಮದಿಂದ ಎಂಬುದೇ ಈ ಪಾಠದ ಸಾರಾಂಶ.

೧. ಬಣ್ಣದಿಂದ ಕಾರಣವನ್ನು ಅರಿಯುವುದು

ಪಂಪು ನಿಂತು, ಕ್ಲೋರಿನ್ ತೀರಿಹೋದ ನೀರಿನಲ್ಲಿ ಎಲೆ, ಧೂಳು, ಹಕ್ಕಿಯ ಹಿಕ್ಕೆ ಬೀಳುತ್ತವೆ. ಇವುಗಳಲ್ಲಿರುವ ನೈಟ್ರೇಟು, ಫಾಸ್ಫೇಟುಗಳು ಪಾಚಿಗೆ ಗೊಬ್ಬರ. ಬಿಸಿಲು ಏರುತ್ತಲೇ ಪಾಚಿ ಬೆಳೆಯುತ್ತದೆ. ಹೀಗಾದ ನೀರು ಹಸಿರೂ ಆಗಿರುತ್ತದೆ, ಮಬ್ಬೂ ಆಗಿರುತ್ತದೆ.

ಹಸಿರೆಲ್ಲ ಪಾಚಿಯಲ್ಲ ಎಂಬುದನ್ನು ಗಮನಿಸಬೇಕು. ನೀರು ತಿಳಿಯಾಗಿದ್ದು ಬಣ್ಣ ಮಾತ್ರ ಹಸಿರಾಗಿದ್ದರೆ ಅದರಲ್ಲಿ ತಾಮ್ರ ಕರಗಿರಬಹುದು. ಪಾಚಿಗೆಂದು ಮೈಲುತುತ್ತ ಹಾಕುವ ಅಭ್ಯಾಸವಿರುವಲ್ಲಿ ಇದು ಆಗುತ್ತದೆ. ಕೊಳವೆ ಬಾವಿಯ ನೀರಿಗೆ ಕ್ಲೋರಿನ್ ಹಾಕಿದೊಡನೆ ಚಹದ ಬಣ್ಣ ಬಂದರೆ ಅದು ಕಬ್ಬಿಣದ ಅಂಶ. ಹಸಿರಿಲ್ಲದೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಸತ್ತ ಪಾಚಿಯ ಪುಡಿ, ಗಡಸು ನೀರಿನ ಸುಣ್ಣ ಅಥವಾ ಸೋಸುಯಂತ್ರದ ದೋಷ ಕಾರಣವಿರಬಹುದು. ಕಾರಣ ಬೇರೆಯಾದರೆ ಉಪಾಯವೂ ಬೇರೆ. ನಾವು ಇಲ್ಲಿ ಪಾಚಿಯ ಮಾತನ್ನು ಹೇಳುತ್ತೇವೆ. ಬಹುಪಾಲು ಕೊಳಗಳ ತೊಂದರೆ ಅದೇ.

೨. ಮೊದಲು ಕಸ, ಆಮೇಲೆ ಔಷಧ

ಕ್ಲೋರಿನ್‌ಗೆ ಎಲೆ ಯಾವುದು, ಪಾಚಿ ಯಾವುದು ಎಂಬ ಭೇದವಿಲ್ಲ. ತಳದಲ್ಲಿ ಕೊಳೆತ ಎಲೆಯ ರಾಶಿಯಿದ್ದರೆ ಹಾಕಿದ ಕ್ಲೋರಿನ್‌ನ ಬಹುಭಾಗ ಅದಕ್ಕೇ ವ್ಯಯವಾಗುತ್ತದೆ. ಆದ್ದರಿಂದ ಮೊದಲು ಬಲೆಯಿಂದ ಎಲೆ ಕಸಗಳನ್ನು ತೆಗೆಯಬೇಕು. ಗೋಡೆ, ಮೂಲೆ, ಮೆಟ್ಟಿಲುಗಳನ್ನು ಬ್ರಷ್ಷಿನಿಂದ ಉಜ್ಜಬೇಕು. ಪಾಚಿಯ ಮೇಲೆ ಲೋಳೆಯ ಹೊದಿಕೆ ಇರುತ್ತದೆ. ಉಜ್ಜದಿದ್ದರೆ ಔಷಧ ಒಳಕ್ಕೆ ತಾಗುವುದಿಲ್ಲ.

ನೀರನ್ನೆಲ್ಲ ಚೆಲ್ಲಿ ಹೊಸದಾಗಿ ತುಂಬುವುದು ಸುಲಭವೆಂದು ತೋರಬಹುದು. ಕುಡಿಯುವ ನೀರಿಗೇ ಟ್ಯಾಂಕರು ತರಿಸುವ ಊರುಗಳಲ್ಲಿ ಇದು ತರವಲ್ಲ. ಜೊತೆಗೆ ಅಂತರ್ಜಲ ಮೇಲಿರುವ ಕಡೆ, ಬರಿದಾದ ಕೊಳದ ತೊಟ್ಟಿಯನ್ನು ನೆಲದ ನೀರು ಕೆಳಗಿನಿಂದ ಒತ್ತಿ ಎತ್ತಿ ಬಿರುಕುಬಿಡಿಸುವ ಅಪಾಯವಿದೆ.

೩. ಅಳತೆಯಿಲ್ಲದೆ ಹಾಕಕೂಡದು

ಕೊಳದಲ್ಲಿ ಎಷ್ಟು ನೀರಿದೆ ಎಂಬುದನ್ನು ಮೊದಲು ಲೆಕ್ಕ ಹಾಕಬೇಕು. ಉದ್ದ ೧೨ ಮೀಟರು, ಅಗಲ ೬ ಮೀಟರು, ಸರಾಸರಿ ಆಳ ೧.೨೫ ಮೀಟರು ಎಂದಿಟ್ಟುಕೊಳ್ಳೋಣ. ಇವನ್ನು ಗುಣಿಸಿದರೆ ೯೦ ಘನ ಮೀಟರು, ಅಂದರೆ ೯೦,೦೦೦ ಲೀಟರು.

ಎರಡನೆಯ ಅಳತೆ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರಗಳ ಮಟ್ಟ. ಇದು ೭.೨ರಿಂದ ೭.೮ರ ನಡುವೆ ಇರಬೇಕು. ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪಗಳಲ್ಲಿರುತ್ತದೆ; ಅವುಗಳಲ್ಲಿ ಒಂದು ಮಾತ್ರ ಚುರುಕಾಗಿ ಕೊಲ್ಲುವಂಥದು. ಪಿಎಚ್ ೭.೫ ಇದ್ದಾಗ ಸುಮಾರು ಅರ್ಧದಷ್ಟು ಈ ಚುರುಕು ರೂಪದಲ್ಲಿರುತ್ತದೆ. ೮ಕ್ಕೆ ಏರಿದರೆ ಕಾಲುಭಾಗ ಮಾತ್ರ. ಔಷಧದ ಖರ್ಚು ಅಷ್ಟೇ, ಕೆಲಸ ಮಾತ್ರ ಅರ್ಧ! ಪಿಎಚ್ ಹೆಚ್ಚಿದ್ದರೆ ಹೈಡ್ರೋಕ್ಲೋರಿಕ್ ಆಮ್ಲದಿಂದ ಇಳಿಸುತ್ತಾರೆ, ಕಡಿಮೆಯಿದ್ದರೆ ವಾಷಿಂಗ್ ಸೋಡಾದಿಂದ ಏರಿಸುತ್ತಾರೆ. ಈ ಕೆಲಸ ಕ್ಲೋರಿನ್ ಹಾಕುವುದಕ್ಕೆ ಮೊದಲೇ ಮುಗಿಯಬೇಕು. ಕ್ಲೋರಿನ್ ವಿಪರೀತವಾಗಿರುವ ನೀರಿನಲ್ಲಿ ಪಿಎಚ್ ಪರೀಕ್ಷೆ ತಪ್ಪು ಬಣ್ಣ ತೋರಿಸುತ್ತದೆ.

ಮೂರನೆಯದು ಸಯನ್ಯೂರಿಕ್ ಆಮ್ಲ. ಬಿಸಿಲಿಗೆ ಕ್ಲೋರಿನ್ ಬೇಗನೆ ನಾಶವಾಗದಂತೆ ಇದು ಕಾಪಾಡುತ್ತದೆ. ಆದರೆ ಹೆಚ್ಚಾದರೆ ಕ್ಲೋರಿನ್ನಿನ ಕೈಕಟ್ಟುತ್ತದೆ. ಬಿಲ್ಲೆಗಳ ರೂಪದಲ್ಲಿ ಬರುವ ಕ್ಲೋರಿನ್ನಿನಲ್ಲಿ ಇದು ಸೇರಿಯೇ ಇರುತ್ತದೆ. ವರ್ಷವೆಲ್ಲ ಬಿಲ್ಲೆ ಹಾಕಿದ ಕೊಳದಲ್ಲಿ ಇದು ಕೂಡುತ್ತಲೇ ಹೋಗುತ್ತದೆ. ಕ್ಲೋರಿನ್ ಇದೆಯೆಂದು ಪರೀಕ್ಷೆ ಹೇಳಿದರೂ ಪಾಚಿ ಬೆಳೆಯುವ ಗೂಢ ಅನೇಕ ವೇಳೆ ಇಲ್ಲಿದೆ. ಇದನ್ನು ಇಳಿಸಲು ಸುಲಭ ಮಾರ್ಗ ನೀರಿನ ಒಂದು ಭಾಗವನ್ನು ಬದಲಾಯಿಸುವುದು.

೪. ಕ್ಲೋರಿನ್ನಿನ ಲೆಕ್ಕ

ಈಜುವ ದಿನಗಳಲ್ಲಿ ಲೀಟರಿಗೆ ೧ರಿಂದ ೩ ಮಿಲಿಗ್ರಾಂ ಕ್ಲೋರಿನ್ ಸಾಮಾನ್ಯ. ಪಾಚಿ ಕಟ್ಟಿದ ನೀರಿಗೆ ಅದು ಸಾಲದು. ಮೊದಲು ೧೦ ಮಿಲಿಗ್ರಾಮಿನ ಮಟ್ಟಕ್ಕಾದರೂ ಏರಿಸಬೇಕು, ಸಯನ್ಯೂರಿಕ್ ಆಮ್ಲ ಹೆಚ್ಚಿದ್ದರೆ ಇನ್ನೂ ಮೇಲಕ್ಕೆ. ನಮ್ಮ ೯೦,೦೦೦ ಲೀಟರಿನ ಕೊಳಕ್ಕೆ ೧೦ ಮಿಲಿಗ್ರಾಮಿನಂತೆ ೯೦೦ ಗ್ರಾಂ ಕ್ಲೋರಿನ್ ಬೇಕು. ಶೇಕಡಾ ೩೩ ಬಲದ ಬ್ಲೀಚಿಂಗ್ ಪೌಡರಾದರೆ ಸುಮಾರು ೨.೭ ಕಿಲೋ, ಶೇಕಡಾ ೬೫ ಬಲದ ಕ್ಯಾಲ್ಸಿಯಂ ಹೈಪೊಕ್ಲೋರೈಟಾದರೆ ಸುಮಾರು ೧.೪ ಕಿಲೋ, ಶೇಕಡಾ ೧೦ ಬಲದ ದ್ರವವಾದರೆ ಸುಮಾರು ೯ ಲೀಟರು. ಬ್ಲೀಚಿಂಗ್ ಪೌಡರು ಇಟ್ಟಷ್ಟೂ ಬಲಗುಂದುತ್ತದೆ. ಅದನ್ನು ನೀರು ತುಂಬಿದ ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಕೊಳಕ್ಕೆ ಬಗ್ಗಿಸಬೇಕು.

ಒಮ್ಮೆ ಸುರಿದು ಮೂರು ದಿನ ಬಿಡುವುದು ವ್ಯರ್ಥ. ಪಾಚಿ ಕ್ಲೋರಿನ್ನನ್ನು ತಿನ್ನುತ್ತದೆ, ಬಿಸಿಲೂ ತಿನ್ನುತ್ತದೆ. ಮಟ್ಟ ಇಳಿದ ಹಾಗೆಲ್ಲ ಅಳೆದು ಮತ್ತೆ ಏರಿಸುತ್ತ ಬರಬೇಕು. ಸಂಜೆಯ ಮೇಲೆ ಹಾಕಿದರೆ ಬಿಸಿಲಿನ ಪಾಲು ಉಳಿಯುತ್ತದೆ.

೫. ಸೋಸುವುದಕ್ಕೆ ಕಾಲ ಬೇಕು

ಹಸಿರು ಹೋಗಿ ನೀರು ಬೂದು-ಬಿಳುಪಾದರೆ ಗಾಬರಿ ಬೇಡ, ಪಾಚಿ ಸತ್ತಿದೆ. ಇನ್ನು ಮೇಲಿನ ಕೆಲಸ ಸೋಸುಯಂತ್ರದ್ದು. ಪಂಪು ಗಂಟೆಗೆ ೧೫,೦೦೦ ಲೀಟರು ಎಳೆಯುವುದಾದರೆ ಆರು ಗಂಟೆಯಲ್ಲಿ ನೀರೆಲ್ಲ ಸೋಸಿತೆಂದು ಲೆಕ್ಕ ಹಾಕುವುದು ಸಹಜ. ಆದರೆ ಸೋಸಿದ ನೀರು ಮರಳಿ ಅದೇ ಕೊಳಕ್ಕೆ ಬಿದ್ದು ಸೋಸದ ನೀರಿನೊಡನೆ ಬೆರೆಯುತ್ತದೆ. ಹೀಗಾಗಿ ಮೊದಲ ಆರು ಗಂಟೆಯಲ್ಲಿ ಯಂತ್ರದ ಮೂಲಕ ಹಾದುಬಂದಿರುವುದು ಶೇಕಡಾ ೬೩ ಮಾತ್ರ. ಎರಡನೆಯ ಸುತ್ತಿಗೆ ೮೬, ಮೂರನೆಯದಕ್ಕೆ ೯೫, ನಾಲ್ಕನೆಯದಕ್ಕೆ ೯೮. ನಾಲ್ಕು ಸುತ್ತೆಂದರೆ ಇಡೀ ಒಂದು ಹಗಲು-ರಾತ್ರಿ. ವಿದ್ಯುತ್ತಿನ ಖರ್ಚು ಉಳಿಸಲೆಂದು ರಾತ್ರಿ ಪಂಪು ನಿಲ್ಲಿಸಿದರೆ ತಿಳಿಯಾಗುವ ದಿನವೂ ಅಷ್ಟೇ ಮುಂದಕ್ಕೆ ಹೋಗುತ್ತದೆ. ಯಂತ್ರದ ಒತ್ತಡಮಾಪಕದ ಮುಳ್ಳು ಶುದ್ಧವಿದ್ದಾಗಿನ ಮಟ್ಟಕ್ಕಿಂತ ೮ರಿಂದ ೧೦ ಪೌಂಡು ಏರಿದಾಗ, ನೀರನ್ನು ಹಿಮ್ಮುಖವಾಗಿ ಹರಿಸಿ ಮರಳನ್ನು ತೊಳೆಯಬೇಕು.

ಮರಳಿನ ಸಂದಿಗೂ ಸಿಕ್ಕದ ನುಣುಪು ಕಣಗಳಿಗೆ ಪಟಿಕವುಂಟು. ಬಿಂದಿಗೆಯ ಬಗ್ಗಡಕ್ಕೆ ಪಟಿಕ ಆಡಿಸುವುದನ್ನೂ, ಒಳಮೈಗೆ ಚಿಲ್ಲದ ಬೀಜ ತೇಯುವುದನ್ನೂ ನಮ್ಮ ಹಿರಿಯರು ಬಲ್ಲರು. ತತ್ತ್ವ ಒಂದೇ: ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ, ತಳಕ್ಕಿಳಿಯುತ್ತವೆ. ಪ್ರಮಾಣವನ್ನು ಮೊದಲು ಒಂದು ಬಕೆಟ್ಟಿನಲ್ಲಿ ಪರೀಕ್ಷಿಸಿ ನೋಡಬೇಕು. ಪಟಿಕ ಬೆರೆತ ಮೇಲೆ ಪಂಪು ನಿಲ್ಲಿಸಿ ರಾತ್ರಿ ಬಿಟ್ಟು, ಬೆಳಿಗ್ಗೆ ತಳದ ಗಸಿಯನ್ನು ಕದಡದಂತೆ ಹೀರಿ ಹೊರಚೆಲ್ಲಬೇಕು. ಪಟಿಕ ಪಿಎಚ್ಚನ್ನು ಇಳಿಸುವುದರಿಂದ ಅದನ್ನು ಮತ್ತೆ ಅಳೆಯಬೇಕು.

೬. ಔಷಧಗಳ ಕಲಹ

೨೦೧೬ರ ಆಗಸ್ಟಿನಲ್ಲಿ ರಿಯೊ ಡಿ ಜನೈರೊ ಒಲಿಂಪಿಕ್ಸಿನ ಡೈವಿಂಗ್ ಕೊಳ ಲೋಕವೆಲ್ಲ ನೋಡುತ್ತಿರುವಾಗಲೇ ಹಸಿರಾಯಿತು. ಪಕ್ಕದ ಕೊಳವೂ ಅದನ್ನು ಹಿಂಬಾಲಿಸಿತು. ಕಾರಣವನ್ನು ವ್ಯವಸ್ಥಾಪಕರೇ ಬಳಿಕ ಹೇಳಿದರು: ಕ್ಲೋರಿನ್ ಇದ್ದ ನೀರಿಗೆ ಹೈಡ್ರೋಜನ್ ಪೆರಾಕ್ಸೈಡನ್ನು ಹಾಕಲಾಗಿತ್ತು. ಎರಡೂ ಶುದ್ಧಿಕಾರಕಗಳೇ, ಆದರೆ ಒಂದು ಇನ್ನೊಂದನ್ನು ನಿಷ್ಫಲಗೊಳಿಸಿತು, ಪಾಚಿಗೆ ದಾರಿಯಾಯಿತು. ಜೋಡಿಯಾಗಿ ಈಜುವ ಸ್ಪರ್ಧಿಗಳು ನೀರೊಳಗೆ ಒಬ್ಬರನ್ನೊಬ್ಬರು ನೋಡಬೇಕಾದ್ದರಿಂದ ಪಕ್ಕದ ಕೊಳದ ನೀರನ್ನೇ ಬದಲಾಯಿಸಬೇಕಾಯಿತು. ಒಳ್ಳೆಯದಕ್ಕೆ ಒಳ್ಳೆಯದು ಸೇರಿದರೆ ಇನ್ನೂ ಒಳ್ಳೆಯದಾಗುತ್ತದೆಂಬ ನಿಯಮ ರಸಾಯನದಲ್ಲಿಲ್ಲ.

ನೀರಿನ ಹೊರಗೆ ಈ ಕಲಹ ಪ್ರಾಣಕ್ಕೇ ಕುತ್ತು. ಆಮ್ಲವೂ ಬ್ಲೀಚಿಂಗ್ ಪೌಡರೂ ಕೂಡಿದರೆ ವಿಷಾನಿಲ ಏಳುತ್ತದೆ. ಎರಡು ಬಗೆಯ ಕ್ಲೋರಿನ್ ಪುಡಿಗಳನ್ನು ಒಂದೇ ಪಾತ್ರೆಯಲ್ಲಿ ಬೆರೆಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಔಷಧವನ್ನು ನೀರಿಗೆ ಹಾಕಬೇಕು. ನೀರನ್ನು ಔಷಧಕ್ಕೆ ಎಂದಿಗೂ ಹಾಕಕೂಡದು. ಈ ಕೆಲಸ ಮಾಡುವ ಕೂಲಿಯವನಿಗೆ ಕೈಗವಸು, ಕನ್ನಡಕ ಕೊಡುವುದು ಸಮಿತಿಯ ಕರ್ತವ್ಯ.

೭. ತೆರೆಯುವುದು ಯಾವಾಗ?

ಮೂರು ಪರೀಕ್ಷೆಗಳಲ್ಲಿ ಕೊಳ ತೇರ್ಗಡೆಯಾಗಬೇಕು. ಒಂದು, ಅತ್ಯಂತ ಆಳದ ಜಾಗದಲ್ಲಿ ತಳದ ಜಾಲರಿ ದಡದಿಂದ ಸ್ಪಷ್ಟವಾಗಿ ಕಾಣಬೇಕು. ಎರಡು, ಕತ್ತಲಾದ ಮೇಲೆ ಅಳೆದ ಕ್ಲೋರಿನ್ ಮಟ್ಟ ಸೂರ್ಯೋದಯಕ್ಕೆ ಮುಂಚೆ ಅಳೆದಾಗ ಲೀಟರಿಗೆ ೧ ಮಿಲಿಗ್ರಾಮಿಗಿಂತ ಹೆಚ್ಚು ಇಳಿದಿರಬಾರದು. ರಾತ್ರಿ ಬಿಸಿಲಿಲ್ಲ, ಆದರೂ ಇಳಿದಿದ್ದರೆ ಪಾಚಿ ಇನ್ನೂ ಜೀವಂತವಾಗಿದೆ ಎಂದರ್ಥ. ಮೂರು, ಕ್ಲೋರಿನ್ ಈಜುವ ಮಟ್ಟಕ್ಕೆ ಇಳಿದಿರಬೇಕು, ಪಿಎಚ್ ಸರಿಯಿರಬೇಕು.

ತಿಳಿನೀರೆಲ್ಲ ಶುದ್ಧವೆಂದು ಮಾತ್ರ ಭಾವಿಸಬಾರದು. ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಂ ಎಂಬ ಜೀವಿ ಸಾಮಾನ್ಯ ಮಟ್ಟದ ಕ್ಲೋರಿನ್ನಿನಲ್ಲಿ ವಾರಕ್ಕೂ ಮೀರಿ ಬದುಕಬಲ್ಲದು. ಭೇದಿಯಾದವರು ಕೊಳಕ್ಕಿಳಿಯಬಾರದು, ಇಳಿಯುವ ಮೊದಲು ಸ್ನಾನ ಮಾಡಬೇಕು ಎಂಬ ನಿಯಮಗಳು ಅಲಂಕಾರಕ್ಕಲ್ಲ. ಆದರೆ ಇದರ ವಿಲೋಮ ನಿಶ್ಚಯ: ತಿಳಿಯಾಗದ ನೀರು ಯಾವ ಲೆಕ್ಕದಲ್ಲಿಯೂ ಸುರಕ್ಷಿತವಲ್ಲ. ನೀರು ತಿಳಿಯಾಗುವುದಕ್ಕೂ ಮನಸ್ಸಿಗೆ ತಿಳಿಯುವುದಕ್ಕೂ ಕನ್ನಡದಲ್ಲಿ ಮೂಲ ಒಂದೇ ಮಾತು. ತಳ ಕಾಣುವವರೆಗೆ ಬಾಗಿಲಿನ ಬೀಗ ತೆಗೆಯದಿರುವುದೇ ತಿಳಿದವರ ಲಕ್ಷಣ.

ಅಭ್ಯಾಸ

(೧) ಕೊಳದ ಉದ್ದ ೧೫ ಮೀಟರು, ಅಗಲ ೮ ಮೀಟರು, ಸರಾಸರಿ ಆಳ ೧.೫ ಮೀಟರು, ಪಂಪು ಗಂಟೆಗೆ ೨೦,೦೦೦ ಲೀಟರು ಎಳೆಯುತ್ತದೆ. ನಾಲ್ಕು ಸುತ್ತಿಗೆ ಎಷ್ಟು ಗಂಟೆ ಬೇಕು?

(೨) ಕ್ಲೋರಿನ್ ಸಾಕಷ್ಟಿದೆಯೆಂದು ಪರೀಕ್ಷೆ ತೋರಿಸಿದರೂ ಪಾಚಿ ಬೆಳೆಯುತ್ತಿದೆ. ಇನ್ನಾವ ಎರಡು ಅಳತೆಗಳನ್ನು ನೋಡಬೇಕು?

(೩) ತಳದ ಜಾಲರಿ ಮಬ್ಬಾಗಿ ಕಾಣುತ್ತಿದೆ. ನಾಳೆಯೇ ಮಕ್ಕಳ ಈಜು ಸ್ಪರ್ಧೆ ಗೊತ್ತಾಗಿದೆ, ಆಹ್ವಾನ ಪತ್ರಿಕೆಗಳೂ ಹೋಗಿವೆ. ಸಮಿತಿ ಏನು ಮಾಡತಕ್ಕದ್ದು? ಕಾರಣ ಸಹಿತ ಉತ್ತರಿಸಿ.