ದುರ್ಗದ ಬಿಸಿಲೂ ನಮ್ಮ ಮೈಬಣ್ಣವೂ

ಚಿತ್ರದುರ್ಗ ಜಿಲ್ಲೆಯ ಭೂಮಾಪನ ಇಲಾಖೆಯಲ್ಲಿ ಯೌವನವನ್ನೂ ಪ್ರೌಢವಯಸ್ಸನ್ನೂ ಸವೆಸಿದವನಿಗೆ ಬಿಸಿಲಿನ ವಿಷಯದಲ್ಲಿ ನಾಲ್ಕು ಮಾತನಾಡುವ ಅಧಿಕಾರವು ಸ್ವಲ್ಪಮಟ್ಟಿಗಾದರೂ ಉಂಟೆಂದು ಭಾವಿಸುತ್ತೇನೆ. ಹೊಳಲ್ಕೆರೆಯ ಅಡಿಕೆ ತೋಟಗಳ ನೆರಳನ್ನು ಹಿಂದೆ ಬಿಟ್ಟು ಬಂದರೆ, ಹಿರಿಯೂರಿನ ಕಡೆಗೆ ಮರವಿಲ್ಲದ ಎರೆಭೂಮಿಯೂ ಹೊಸದುರ್ಗದ ಕಡೆಗೆ ಗಾಳಿಯಂತ್ರಗಳನ್ನು ಹೊತ್ತ ಬೋಳುಗುಡ್ಡಗಳೂ ಆಕಾಶಕ್ಕೆ ಮೈಯೊಡ್ಡಿ ಬಿದ್ದಿರುವ ಈ ನಾಡಿನಲ್ಲಿ, ಪೋಡಿ, ಹದ್ದುಬಸ್ತುಗಳ ಕೆಲಸವೆಂದರೆ ನೆತ್ತಿಯ ಮೇಲೆ ಸೂರ್ಯನನ್ನು ಹೊತ್ತು ಬಾಂದುಕಲ್ಲಿನಿಂದ ಬಾಂದುಕಲ್ಲಿಗೆ ಸರಪಳಿ ಎಳೆಯುವುದೇ ಆಗಿತ್ತು. ನಮ್ಮ ಊರು ಉತ್ತರ ಅಕ್ಷಾಂಶ 14 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ, ಏಪ್ರಿಲ್ ತಿಂಗಳ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ತಿಂಗಳ ನಡುವಿನಲ್ಲೊಮ್ಮೆ, ಹೀಗೆ ವರ್ಷಕ್ಕೆರಡು ಸಲ ನಡುಹಗಲಿನ ಸೂರ್ಯನು ನೇರ ನೆತ್ತಿಗೆ ಬಂದು, ನೆಟ್ಟ ಕೋಲಿಗೆ ನೆರಳೇ ಇಲ್ಲದಂತಾಗುತ್ತದೆ. ಏಪ್ರಿಲ್ಲಿನ ಸೂರ್ಯನಿಗೆ ಎಲ್ಲರೂ ಹೆದರುತ್ತಾರೆ. ಆಗಸ್ಟಿನವನಿಗೆ ಯಾರೂ ಹೆದರುವುದಿಲ್ಲ. ಆಗ ತಣ್ಣನೆಯ ಗಾಳಿಯಿರುತ್ತದೆ, ತೆಳುಮೋಡವಿರುತ್ತದೆ. ಆದರೆ ಚರ್ಮವನ್ನು ಕೆಡಿಸುವ ನೇರಳಾತೀತ ಕಿರಣಕ್ಕೆ ಕಾವೆಂಬ ಗುಣವಿಲ್ಲವಾಗಿ, ತೆಳುಮೋಡವನ್ನು ದಾಟಿ ಅದು ಬರುವುದು ನಮ್ಮ ಅರಿವಿಗೆ ಬರುವುದೇ ಇಲ್ಲ.

ನನ್ನ ಜೊತೆ ಸರಪಳಿ ಹಿಡಿಯುತ್ತಿದ್ದವರಲ್ಲಿ ಒಬ್ಬನು ಟೋಪಿಯ ಮಾತು ಬಂದಾಗಲೆಲ್ಲ, “ನಾವು ಮೊದ್ಲೇ ಕರ್ರಗಿದೀವಿ ಸಾರ್, ಬಿಸ್ಲು ನಮಗೇನು ಮಾಡ್ತೈತೆ?” ಎಂದು ನಗುತ್ತಿದ್ದನು. ಈ ಮಾತಿನಲ್ಲಿ ಅರ್ಧ ಸತ್ಯವಿದೆಯಾದ ಕಾರಣ ಇದನ್ನು ಅಲ್ಲಗಳೆಯುವುದು ಕಷ್ಟ. ಬಣ್ಣವನ್ನು ತಯಾರಿಸುವ ಜೀವಕೋಶಗಳ ಸಂಖ್ಯೆಯು ಕರಿಯರಲ್ಲಿಯೂ ಬಿಳಿಯರಲ್ಲಿಯೂ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ ಎಂಬ ವರ್ಣದ್ರವ್ಯದ ಪ್ರಮಾಣ, ಅದರ ಕಣಗಳ ಗಾತ್ರ, ಅವು ಹರಡಿಕೊಳ್ಳುವ ರೀತಿ, ಇವುಗಳಲ್ಲಿ ವ್ಯತ್ಯಾಸ. ಕುರುಬನು ಕಂಬಳಿಯ ಕೊಪ್ಪೆಯನ್ನು ತಲೆಗೆ ಹಾಕಿಕೊಂಡಂತೆ ಈ ಕಣಗಳು ಜೀವಕೋಶದ ಕೇಂದ್ರವನ್ನು ಮೇಲಿನಿಂದ ಕವಿದು ಕಾಯುತ್ತವೆ. 1979ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕರಿಯರ ಮೇಲ್ಚರ್ಮವನ್ನು ದಾಟಿ ಒಳಹೋಗುವುದು ‘ಬಿ’ ವರ್ಗದ ನೇರಳಾತೀತ ಕಿರಣದಲ್ಲಿ ಶೇಕಡಾ 7ರಷ್ಟು ಮಾತ್ರ. ಬಿಳಿಯರಲ್ಲಾದರೋ ಅದರ ಹಲವು ಪಟ್ಟು. ಚರ್ಮದ ಕ್ಯಾನ್ಸರು ನಮ್ಮವರಲ್ಲಿ ವಿರಳವಾಗಿರುವುದಕ್ಕೆ ಈ ರಕ್ಷೆಯೇ ಮುಖ್ಯ ಕಾರಣ. ಅಂಗಾಲು, ಅಂಗೈ, ಉಗುರಿನ ಬುಡಗಳಲ್ಲಿ ನಮ್ಮಂಥವರಿಗೆ ಅಪರೂಪಕ್ಕೆ ಬರುವ ಕರಿಮಚ್ಚೆಯ ಕ್ಯಾನ್ಸರಿಗೂ ಬಿಸಿಲಿಗೂ ಸಂಬಂಧವಿಲ್ಲ. ಆದುದರಿಂದ ಕ್ಯಾನ್ಸರಿನ ಹೆಸರು ಹೇಳಿ ಹಿರಿಯೂರಿನ ರೈತನನ್ನು ಹೆದರಿಸುವವರ ಪಕ್ಷ ನನ್ನದಲ್ಲ.

ಆದರೆ ಅದೇ ಅಧ್ಯಯನದಲ್ಲಿ ‘ಎ’ ವರ್ಗದ ಕಿರಣವು ಕಪ್ಪು ಚರ್ಮವನ್ನೂ ಶೇಕಡಾ 17ರಷ್ಟು ದಾಟಿ ಹೋಯಿತೆಂಬುದನ್ನು ಗಮನಿಸಬೇಕು. ನಮ್ಮದು ಗೋಧಿಗೂ ಕಪ್ಪಿಗೂ ನಡುವಣ ನಾನಾ ಛಾಯೆಗಳಾದ್ದರಿಂದ ರಕ್ಷೆ ಅದಕ್ಕಿಂತಲೂ ತೆಳು. ಸೇವೆಯ ಕೊನೆಯ ವರ್ಷಗಳಲ್ಲಿ ನನ್ನ ಎರಡೂ ಕೆನ್ನೆಗಳ ಮೇಲೆ ಬಂಗು ಕಾಣಿಸಿಕೊಂಡಾಗ ದುರ್ಗದ ಚರ್ಮವೈದ್ಯರೊಬ್ಬರು ತಿಳಿಸಿದ ವಿಷಯವು ನನ್ನ ಮಟ್ಟಿಗೆ ಹೊಸದಾಗಿತ್ತು: ಬಿಳಿಯ ಚರ್ಮ ಬಿಸಿಲಿಗೆ ಕೆಂಪಾಗಿ ಸುಡುತ್ತದೆ; ನಮ್ಮದು ಕಲೆಯಾಗುತ್ತದೆ. ನಮ್ಮನ್ನು ಕಾಯುವ ಆ ಬಣ್ಣದ ಕೋಶಗಳೇ ಕೆರಳಿ, ಕೆನ್ನೆ, ಹಣೆ, ಮೇಲ್ತುಟಿಗಳಲ್ಲಿ ಅಳತೆ ಮೀರಿ ಬಣ್ಣ ಸುರಿಯುತ್ತವೆ. ಬಸಿರಿನಲ್ಲಿ ಬಂಗು ಬಂದ ಹೆಂಗಸರಿಗೆ ಬಿಸಿಲು ಅದನ್ನು ಬಲಪಡಿಸುತ್ತದೆ. ಮೊಡವೆಯೋ ಗಾಯವೋ ಮಾಯ್ದ ಕಡೆ ಉಳಿದ ಕರೆಯನ್ನು ತಿಂಗಳುಗಟ್ಟಲೆ ಮಾಸಗೊಡುವುದಿಲ್ಲ. ಬರಿಗಣ್ಣಿಗೆ ಕಾಣುವ ಬೆಳಕು ಕೂಡ ಕಪ್ಪು ಚರ್ಮದಲ್ಲಿ ಈ ಕೆಲಸವನ್ನು ಮಾಡಬಲ್ಲುದೆಂದೂ, ಬಸ್ಸಿನ ಕಿಟಕಿಯ ಗಾಜು ‘ಬಿ’ ಕಿರಣವನ್ನು ತಡೆದರೂ ‘ಎ’ ಕಿರಣವನ್ನು ಬಿಡುತ್ತದೆಂದೂ ಅವರು ಹೇಳಿದರು. ಚರ್ಮವನ್ನು ಆರು ವರ್ಗಗಳಾಗಿ ವಿಂಗಡಿಸುವ ಪದ್ಧತಿಗೆ 1975ರಲ್ಲಿ ಅಡಿಪಾಯ ಹಾಕಿದ ಹಾರ್ವರ್ಡಿನ ಫಿಟ್ಜ್‌ಪ್ಯಾಟ್ರಿಕ್ ಎಂಬವರ ಮೊದಲ ಪಟ್ಟಿಯಲ್ಲಿ ಬಿಳಿಯರಿಗೆ ಮಾತ್ರ ಸ್ಥಳವಿದ್ದು, ಕಂದು, ಕಪ್ಪು ಬಣ್ಣದವರು ಆಮೇಲೆ ಸೇರ್ಪಡೆಯಾದರಂತೆ. ಕಂದಾಯ ದಾಖಲೆಗಳಲ್ಲಿ ಬಡವನ ತುಂಡು ಜಮೀನು ಸೇರುವುದೂ ಸಾಮಾನ್ಯವಾಗಿ ಹೀಗೆಯೇ.

ಇಷ್ಟಿದ್ದರೂ ಸನ್‌ಸ್ಕ್ರೀನ್ ಎಂಬ ಪದಾರ್ಥವು ನಮ್ಮ ತಾಲ್ಲೂಕುಗಳಲ್ಲಿ ಸ್ನೇಹ ಗಳಿಸದಿರುವುದಕ್ಕೆ ನಾನು ಕಂಡ ಕಾರಣ ಬೇರೆಯೇ. ಅಂಗಡಿಯ ಗಾಜಿನ ಕಪಾಟಿನಲ್ಲಿ ಅದು ಕುಳಿತಿರುವುದು ಬಿಳುಪಿನ ಕ್ರೀಮುಗಳ ಪಕ್ಕದಲ್ಲಿ. 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡಿತು. ಜನರ ಮನಸ್ಸಿನಲ್ಲಿದ್ದ ಆಸೆಗೆ ಆ ನಾಮಕರಣದಿಂದ ಏನೂ ಆಗಲಿಲ್ಲ. ಆದ್ದರಿಂದ ತನ್ನ ಬಣ್ಣದ ಬಗ್ಗೆ ಸಂಕೋಚವಿಲ್ಲದ ಗಂಡಸು ಸನ್‌ಸ್ಕ್ರೀನನ್ನು ಶೋಕಿಯೆಂದು ತಿರಸ್ಕರಿಸುತ್ತಾನೆ. ಸಂಕೋಚವುಳ್ಳ ಹುಡುಗಿಯು ಅದನ್ನು ಬಿಟ್ಟು ಇನ್ನೂ ಬೇಗ ಬೆಳ್ಳಗಾಗಿಸುವ ಟ್ಯೂಬನ್ನು ಕೇಳುತ್ತಾಳೆ. ನನ್ನ ತಂಗಿಯ ಮಗಳಿಗೆ ಮದುವೆಯ ಮಾತುಕತೆ ನಡೆಯುತ್ತಿದ್ದಾಗ, ಬಂಗಿಗೆಂದು ಔಷಧಿ ಅಂಗಡಿಯೊಂದರಲ್ಲಿ ಚೀಟಿ ಕೇಳದೆ ಕೊಟ್ಟ ಮುಲಾಮಿನಲ್ಲಿ ಸ್ಟೀರಾಯ್ಡ್ ಇತ್ತು. ಕೆಲವೇ ದಿನಗಳಲ್ಲಿ ಮುಖ ತಿಳಿಯಾಯಿತು, ಮನೆಯವರೆಲ್ಲ ಹಿಗ್ಗಿದರು. ನಿಲ್ಲಿಸಿದೊಡನೆ ಕೆಂಪೇರಿ ಉರಿಯತೊಡಗಿ, ಗುಳ್ಳೆಗಳೆದ್ದು, ಬಂಗು ಮೊದಲಿಗಿಂತ ದಟ್ಟವಾಗಿ ಮರಳಿತು. ಇಂತಹ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಕೇಂದ್ರ ಸರ್ಕಾರವು 2018ರಲ್ಲಿಯೇ ನಿಯಮ ಮಾಡಿದೆ. ವೈದ್ಯರು ಆಕೆಗೆ ಮೊದಲು ಬರೆದುಕೊಟ್ಟದ್ದು ಸನ್‌ಸ್ಕ್ರೀನನ್ನು. “ಇದು ನಿನ್ನನ್ನ ಬೆಳ್ಳಗೆ ಮಾಡೋದಿಲ್ಲಮ್ಮ, ನಿನ್ನ ಬಣ್ಣ ನಿನಗೆ ಒಂದೇ ಸಮ ಉಳಿಸುತ್ತೆ” ಎಂದು ಅವರು ಹೇಳಿದ ಮಾತನ್ನು, ಕಪ್ಪು ಚರ್ಮಕ್ಕೆ ಸನ್‌ಸ್ಕ್ರೀನ್ ಏಕೆಂದು ಕೇಳಿದವರಿಗೆಲ್ಲ ನಾನು ಒಪ್ಪಿಸುತ್ತ ಬಂದಿದ್ದೇನೆ.

ಬಳಸುವ ರೀತಿಯನ್ನು ಹೇಳದಿದ್ದರೆ ಅಳತೆಯವನಾದ ನನಗೆ ಸಮಾಧಾನವಿಲ್ಲ. ಟ್ಯೂಬಿನ ಮೇಲೆ ಎಸ್.ಪಿ.ಎಫ್. 30 ಅಥವಾ ಹೆಚ್ಚು ಎಂದಿರಬೇಕು. ಆ ಅಂಕಿ ‘ಬಿ’ ಕಿರಣದ್ದಾದ್ದರಿಂದ ‘ಎ’ ಕಿರಣದ ರಕ್ಷಣೆಯನ್ನು ಸೂಚಿಸುವ ಪಿ.ಎ. ಎಂಬ ಗುರುತಿನ ಮುಂದೆ ಮೂರಾದರೂ ಕೂಡುಚಿಹ್ನೆಗಳಿರಬೇಕು. ಸತುವಿನ ಆಕ್ಸೈಡ್ ಇರುವ ಕೆಲವು ಬಗೆಗಳು ನಮ್ಮ ಮುಖದ ಮೇಲೆ ಬೂದಿ ಬಳಿದಂತೆ ಕಾಣುತ್ತವೆಂಬ ದೂರು ನಿಜವೇ. ಕಬ್ಬಿಣದ ಆಕ್ಸೈಡ್ ಬೆರೆಸಿ ಕಂದುಬಣ್ಣ ಕೊಟ್ಟವು ಮುಖದಲ್ಲಿ ಬೆರೆತುಹೋಗುವುದಲ್ಲದೆ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವುದರಿಂದ ಬಂಗಿನವರಿಗೆ ಅವೇ ಮೇಲು. ಎಸ್.ಪಿ.ಎಫ್. ಅಂಕಿಯನ್ನು ನಿರ್ಣಯಿಸುವಾಗ ಪ್ರಯೋಗಶಾಲೆಯಲ್ಲಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಲೇಪಿಸುತ್ತಾರೆ. ಮುಖ, ಕಿವಿ, ಕತ್ತು ಸೇರಿ 600 ಚದರ ಸೆಂಟಿಮೀಟರೆಂದು ಹಿಡಿದರೆ ಒಂದು ಸಲಕ್ಕೆ 1.2 ಗ್ರಾಂ ಬೇಕು. ಬೆವರಿಗೆ ಕರಗುವುದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ದಿನಕ್ಕೆ ಮೂರು ಸಲದಂತೆ 50 ಗ್ರಾಮಿನ ಟ್ಯೂಬು ಎರಡು ವಾರಕ್ಕೆ ಖಾಲಿ.

ಈ ಲೆಕ್ಕವನ್ನು ಹಾಕಿದ ಮೇಲೆ, ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ಕೂಲಿ ಹೆಂಗಸಿಗೆ ತಿಂಗಳಿಗೆರಡು ಟ್ಯೂಬು ಕೊಳ್ಳೆಂದು ಉಪದೇಶಿಸಲು ನನ್ನ ನಾಲಗೆ ಏಳುವುದಿಲ್ಲ. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿಯನ್ನು ತೊಟ್ಟು, ತಲೆಗೂ ಕೆನ್ನೆಗೂ ವಸ್ತ್ರ ಸುತ್ತಿಕೊಂಡು, ಹೊತ್ತು ಹುಟ್ಟುವ ಮುಂಚೆ ಹೊಲಕ್ಕಿಳಿದು ಹನ್ನೊಂದಕ್ಕೆಲ್ಲ ಮರದಡಿಗೆ ಸೇರುವ ಆಕೆಯು, ಕೊಡೆ ಹಿಡಿಯಲೂ ನಾಚುವ ನಮ್ಮ ಗುಮಾಸ್ತರಿಗಿಂತ ಬಿಸಿಲಿನ ಶಾಸ್ತ್ರವನ್ನು ಚೆನ್ನಾಗಿ ಬಲ್ಲಳು. ಬಟ್ಟೆಯಷ್ಟು ಅಗ್ಗವೂ ನಂಬಿಕಸ್ಥವೂ ಆದ ರಕ್ಷಣೆ ಯಾವ ಟ್ಯೂಬಿನಲ್ಲಿಯೂ ಇಲ್ಲ. ಬಟ್ಟೆ ಮುಚ್ಚಲಾರದ ಮೂಗು, ಕೆನ್ನೆಯ ಮೇಲ್ಭಾಗ, ಮುಂಗೈಗಳಿಗೆ ಮಾತ್ರ ಸನ್‌ಸ್ಕ್ರೀನ್ ಸಾಕೆಂದರೆ ಖರ್ಚು ಸ್ವಲ್ಪ ಕೆಳಗಿಳಿಯುತ್ತದೆ. ಬಂಗು ಬಂದವರು, ತೊನ್ನಿನವರು, ಬಿಸಿಲಿಗೆ ಗಂಧೆಯೇಳುವವರು, ಡಾಕ್ಸಿಸೈಕ್ಲಿನ್‌ನಂತಹ ಮಾತ್ರೆಗಳನ್ನು ನುಂಗುತ್ತಿರುವವರು, ಇಷ್ಟು ಜನರಂತೂ ಆಗಸ್ಟಿನ ಮೋಡವನ್ನು ನಂಬಿ ಸನ್‌ಸ್ಕ್ರೀನನ್ನು ಮನೆಯಲ್ಲಿ ಬಿಟ್ಟು ಹೊರಡತಕ್ಕದ್ದಲ್ಲ.